ಡೊನೇಷನ್ ತಡೆಯಲು ಬಂದ ಪರೀಕ್ಷೆ: ಸಿಇಟಿ ಫಿಸಿಕ್ಸ್ ಮತ್ತು ಹಳ್ಳಿ ಮಕ್ಕಳು

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಮರುದಿನವೇ ನಮ್ಮ ಹಳ್ಳಿಗಳ ಮನೆಗಳಲ್ಲಿ ಒಂದು ಲೆಕ್ಕಾಚಾರ ಶುರುವಾಗುತ್ತದೆ. ಮಗಳು ಸೈನ್ಸ್ ತಗೊಂಡರೆ ಕೋಚಿಂಗ್ ಬೇಕಾ? ಇಲ್ಲೇ ತಾಲ್ಲೂಕಿನ ಸರ್ಕಾರಿ ಪಿಯು ಕಾಲೇಜಿಗೆ ಹೋದರೆ ಸಾಲುತ್ತಾ, ಇಲ್ಲಾ ಹಾಸ್ಟೆಲ್ ಇರುವ ದೊಡ್ಡ ಕಾಲೇಜಿಗೇ ಕಳಿಸಬೇಕಾ? ಅಷ್ಟು ದುಡ್ಡು ಎಲ್ಲಿಂದ ತರೋದು? ಬಯಾಲಜಿ ಹೇಗೋ ಓದಿಕೊಳ್ಳಬಹುದು, ಕೆಮಿಸ್ಟ್ರಿ ಬಾಯಿಪಾಠ ಮಾಡಬಹುದು, ಆದರೆ ಫಿಸಿಕ್ಸ್ ಮಾತ್ರ ಕೋಚಿಂಗ್ ಇಲ್ಲದೆ ಆಗಲ್ಲ ಎನ್ನುವುದು ಎಲ್ಲ ಊರಲ್ಲೂ ಕೇಳುವ ಮಾತು.

ಈ ಮಾತು ಹುಟ್ಟಿದ್ದು ಹೇಗೆ ಎಂದು ಹುಡುಕುತ್ತಾ ಹೋದರೆ ಒಂದು ವಿಚಿತ್ರ ಕಾಣುತ್ತದೆ. ಇವತ್ತು ಬಡವರ ಮಕ್ಕಳನ್ನು ಹೆದರಿಸುತ್ತಿರುವ ಈ ಪರೀಕ್ಷೆ ಕರ್ನಾಟಕದಲ್ಲಿ ಹುಟ್ಟಿದ್ದೇ ದುಡ್ಡಿನ ದರ್ಬಾರು ತಡೆಯುವುದಕ್ಕೆ. ಮುಂಬಾಗಿಲಲ್ಲಿ ತಡೆದ ದುಡ್ಡು ಹಿತ್ತಲ ಬಾಗಿಲಿನಿಂದ ಒಳಗೆ ಬಂದ ಕಥೆ ಇದು. ಈ ಕಥೆ ಗೊತ್ತಿದ್ದರೆ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಾಗಿಲ್ಲ ಎನ್ನುವುದು ಸ್ವಲ್ಪ ತಿಳಿಯಾಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇವೆ.

ಮೊದಲು ಇದ್ದದ್ದು ಸಂದರ್ಶನ

1960ರ ದಶಕದಲ್ಲಿ ನಮ್ಮದು ಇನ್ನೂ ಮೈಸೂರು ರಾಜ್ಯ. ಆಗ ಸಿಇಟಿ ಇರಲಿಲ್ಲ. ಮೆಡಿಕಲ್, ಎಂಜಿನಿಯರಿಂಗ್ ಸೀಟಿಗೆ ಪಿಯುಸಿಯ ಐಚ್ಛಿಕ ವಿಷಯಗಳ ಅಂಕವನ್ನು ನೋಡುತ್ತಿದ್ದರು. ಅದರ ಜೊತೆಗೆ ಸಂದರ್ಶನವೂ ಇತ್ತು. ಐಚ್ಛಿಕ ವಿಷಯಗಳ ಒಟ್ಟು ಅಂಕದ ಶೇ. 25ರಷ್ಟನ್ನು ಸಂದರ್ಶನಕ್ಕೆ ಇಟ್ಟಿದ್ದರು. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್‌ಸಿಸಿ, ಆಟೋಟ ಎಲ್ಲ ನೋಡಿ ಸಮಿತಿಯವರು ಅಂಕ ಹಾಕಬೇಕಿತ್ತು.

ಯೋಚಿಸಿ ನೋಡಿ. ಬಸ್ಸು ಹಿಡಿದು ಬೆಳಿಗ್ಗೆ ಬಂದಿಳಿದ ಹಳ್ಳಿ ಹುಡುಗ. ಎದುರಿಗೆ ಸೂಟು ಹಾಕಿದ ನಾಲ್ಕಾರು ಜನ. ಅವರು ಕೇಳುವ ಇಂಗ್ಲಿಷ್‌ಗೆ ಉತ್ತರ ಗೊತ್ತಿದ್ದರೂ ಬಾಯಿ ಬರುವುದಿಲ್ಲ. ಲಿಖಿತ ಪರೀಕ್ಷೆಯಲ್ಲಿ ಗಳಿಸಿದ್ದನ್ನು ಹತ್ತು ನಿಮಿಷದ ಮಾತುಕತೆಯಲ್ಲಿ ಕಳೆದುಕೊಳ್ಳಬಹುದಿತ್ತು. ಈ ಪದ್ಧತಿ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 1964ರಲ್ಲಿ ಚಿತ್ರಲೇಖ ವಿರುದ್ಧ ಮೈಸೂರು ರಾಜ್ಯ ಎಂಬ ಪ್ರಕರಣದಲ್ಲಿ ತೀರ್ಪು ಬಂತು. ಸಂದರ್ಶನ ನಡೆಸುವುದು ತಪ್ಪಲ್ಲ ಎಂದು ಹೆಚ್ಚಿನ ನ್ಯಾಯಮೂರ್ತಿಗಳು ಹೇಳಿದರು. ಒಬ್ಬರು ಮಾತ್ರ ಒಪ್ಪಲಿಲ್ಲ.

ನಿಮ್ಮ ಮುಖ ನೋಡದೆ, ಮಾತು ಕೇಳದೆ, ಬರೀ ಉತ್ತರ ನೋಡಿ ಅಂಕ ಹಾಕುವ ಪರೀಕ್ಷೆ ಎಷ್ಟೋ ಜನರಿಗೆ ನ್ಯಾಯವಾಗಿ ಕಂಡಿದ್ದು ಯಾಕೆ ಎನ್ನುವುದು ಇದನ್ನು ನೋಡಿದರೆ ಅರ್ಥವಾಗುತ್ತದೆ.

ಆಮೇಲೆ ಬಂದದ್ದು ಡೊನೇಷನ್

1953ರಲ್ಲಿ ಡಾ. ಟಿ.ಎಂ.ಎ. ಪೈ ಮಣಿಪಾಲದಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜು ಕಟ್ಟಿದರು. ಸರ್ಕಾರವನ್ನು ಕಾಯದೆ ಖಾಸಗಿಯವರೂ ಮೆಡಿಕಲ್ ಕಾಲೇಜು ನಡೆಸಬಹುದು ಎಂದು ದೇಶಕ್ಕೆ ತೋರಿಸಿಕೊಟ್ಟ ಕಾಲೇಜು ಅದು. ಮುಂದಿನ ಮೂರು ದಶಕಗಳಲ್ಲಿ ಕರ್ನಾಟಕದ ತುಂಬ ಖಾಸಗಿ ಎಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳು ಎದ್ದವು. ಉತ್ತರ ಭಾರತದ ಮಕ್ಕಳು ರೈಲು ಹತ್ತಿ ಇಲ್ಲಿಗೆ ಬಂದರು. ಊರಲ್ಲಿ ಕಾಲೇಜು ಆಯಿತು, ರೂಮು ಬಾಡಿಗೆ ಹೆಚ್ಚಿತು, ಮೆಸ್ ತೆರೆದವು. ಆದರೆ ಆ ಊರಿನ ಮಕ್ಕಳಲ್ಲಿ ಹೆಚ್ಚಿನವರು ಕಾಲೇಜಿನ ಗೇಟನ್ನು ಹೊರಗಿನಿಂದಲೇ ನೋಡಿದರು. ಒಳಗೆ ಹೋಗಲು ಕ್ಯಾಪಿಟೇಷನ್ ಶುಲ್ಕ, ಅಂದರೆ ನಮ್ಮ ಮಾತಿನಲ್ಲಿ ಡೊನೇಷನ್, ಕೇಳುವ ಕಾಲೇಜುಗಳು ಸಾಕಷ್ಟಿದ್ದವು.

1984ರಲ್ಲಿ ಕರ್ನಾಟಕ ಸರ್ಕಾರ ಕ್ಯಾಪಿಟೇಷನ್ ಶುಲ್ಕ ನಿಷೇಧಿಸಿ ಕಾಯ್ದೆ ತಂದಿತು. ಅದೇ ಕಾಯ್ದೆಯಡಿ 1989ರಲ್ಲಿ ಹೊರಟ ಅಧಿಸೂಚನೆ ಖಾಸಗಿ ಮೆಡಿಕಲ್ ಕಾಲೇಜುಗಳಿಗೆ ವರ್ಷದ ಶುಲ್ಕ ಗೊತ್ತುಮಾಡಿತು. ಸರ್ಕಾರಿ ಸೀಟಿಗೆ 2,000 ರೂಪಾಯಿ. ಕರ್ನಾಟಕದ ಉಳಿದ ವಿದ್ಯಾರ್ಥಿಗಳಿಗೆ 25,000. ಹೊರ ರಾಜ್ಯದವರಿಗೆ 60,000.

ಉತ್ತರ ಪ್ರದೇಶದ ಮೀರತ್‌ನ ವಿದ್ಯಾರ್ಥಿನಿಯೊಬ್ಬರು ತುಮಕೂರಿನ ಖಾಸಗಿ ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕಿದಾಗ ಅವರ ತಂದೆಗೆ ಈ 60,000 ಕಟ್ಟಲು ಆಗಲಿಲ್ಲ. ಅವರು ಕೋರ್ಟಿಗೆ ಹೋದರು. 1992ರ ಜುಲೈ 30ರಂದು ಬಂದ ಆ ತೀರ್ಪೇ ಮೋಹಿನಿ ಜೈನ್ ಪ್ರಕರಣ. ಶುಲ್ಕದ ಹೆಸರಿನಲ್ಲಿ ಕ್ಯಾಪಿಟೇಷನ್ ವಸೂಲಿ ಮಾಡುವುದು ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ ಹೇಳಿತು.

ಮರುವರ್ಷ, 1993ರ ಫೆಬ್ರವರಿ 4ರಂದು, ಉನ್ನಿಕೃಷ್ಣನ್ ಪ್ರಕರಣದಲ್ಲಿ ಇನ್ನೊಂದು ತೀರ್ಪು ಬಂತು. ಅದು ದೇಶಕ್ಕೆಲ್ಲ ಒಂದು ಯೋಜನೆ ಕೊಟ್ಟಿತು. ಖಾಸಗಿ ಕಾಲೇಜಿನ ಅರ್ಧ ಸೀಟು ಫ್ರೀ ಸೀಟು, ಅದಕ್ಕೆ ಸರ್ಕಾರಿ ಕಾಲೇಜಿನಷ್ಟೇ ಶುಲ್ಕ. ಇನ್ನರ್ಧ ಪೇಮೆಂಟ್ ಸೀಟು, ಅದಕ್ಕೆ ಹೆಚ್ಚು ಶುಲ್ಕ. ಎರಡಕ್ಕೂ ಮೆರಿಟ್ ಮೇಲೆಯೇ ಆಯ್ಕೆಯಾಗಬೇಕು. ಕಾಲೇಜಿನವರು ತಮಗೆ ಬೇಕಾದವರನ್ನು ಕರೆದು ಕೂರಿಸುವಂತಿಲ್ಲ.

ಹಾಗಾದರೆ ಮೆರಿಟ್ ಅಳೆಯುವುದು ಹೇಗೆ? ಎಲ್ಲರಿಗೂ ಒಂದೇ ಪರೀಕ್ಷೆ ಬೇಕಾಯಿತು. 1994ರಲ್ಲಿ ಕರ್ನಾಟಕ ಸರ್ಕಾರ ಸಿಇಟಿ ಸೆಲ್ ಸ್ಥಾಪಿಸಿತು. ಇವತ್ತಿನ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಅದರಿಂದಲೇ ಬೆಳೆದದ್ದು.

ಆ ದಿನಗಳಲ್ಲಿ ಸಿಇಟಿ ದೊಡ್ಡ ಬದಲಾವಣೆ. ಶಿಫಾರಸು ಪತ್ರ ಬೇಡ, ಎಂಎಲ್‌ಎ ಮನೆ ಮುಂದೆ ನಿಲ್ಲುವುದು ಬೇಡ. ರ‍್ಯಾಂಕ್ ಪಟ್ಟಿ ಹಿಡಿದು ಕೌನ್ಸೆಲಿಂಗ್‌ಗೆ ಹೋದರೆ ಎಲ್ಲರ ಎದುರಿಗೇ ಸೀಟು ಸಿಗುತ್ತಿತ್ತು. ಡೊನೇಷನ್ ಕೊಡದೆ ಎಂಜಿನಿಯರ್, ಡಾಕ್ಟರ್ ಆದವರು ಇವತ್ತು ಎಷ್ಟೋ ಹಳ್ಳಿಗಳಲ್ಲಿ ಇದ್ದಾರೆ. ಈ ಲಾಭವನ್ನು ಮರೆತು ಸಿಇಟಿಯನ್ನು ಬೈಯುವುದು ಸರಿಯಲ್ಲ.

ಪೆನ್ಸಿಲ್ ಗುರುತನ್ನು ಓದಿದ ಫಿಸಿಕ್ಸ್

ನಾಲ್ಕು ಉತ್ತರ ಕೊಟ್ಟು ಒಂದನ್ನು ಆರಿಸು ಎನ್ನುವ ಪ್ರಶ್ನೆಯ ಪದ್ಧತಿ ನಮ್ಮಲ್ಲಿ ಹುಟ್ಟಿದ್ದಲ್ಲ. ಒಂದನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆ ಲಕ್ಷಾಂತರ ಜನರನ್ನು ಬೇಗ ಅಳೆಯಲು ಇಂಥ ಪರೀಕ್ಷೆ ಬಳಸಿತು. 1926ರಲ್ಲಿ ಅಲ್ಲಿನ ಕಾಲೇಜು ಪ್ರವೇಶಕ್ಕೆ ಎಸ್‌ಎಟಿ ಎಂಬ ಪರೀಕ್ಷೆ ಬಂತು. ಆದರೆ ಅಷ್ಟೊಂದು ಉತ್ತರ ಪತ್ರಿಕೆ ತಿದ್ದುವುದು ಯಾರು?

ಅದಕ್ಕೆ ದಾರಿ ಕಂಡುಕೊಂಡವರು ರೆನಾಲ್ಡ್ ಜಾನ್ಸನ್. ಅವರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಮೇಷ್ಟ್ರು. ಪೆನ್ಸಿಲಿನೊಳಗಿರುವ ಗ್ರಾಫೈಟ್‌ನಲ್ಲಿ ವಿದ್ಯುತ್ ಹರಿಯುತ್ತದೆ. ಹಾಗಾಗಿ ಮಕ್ಕಳು ಪೆನ್ಸಿಲಿನಲ್ಲಿ ಗುರುತು ಮಾಡಿದ ಕಡೆ ಕರೆಂಟ್ ಹರಿಯುತ್ತದೆ, ಖಾಲಿ ಕಾಗದದಲ್ಲಿ ಹರಿಯುವುದಿಲ್ಲ. ಈ ಒಂದು ಗುಣದ ಮೇಲೆ ಐಬಿಎಂ ಕಂಪನಿ 1938ರಲ್ಲಿ ಉತ್ತರ ತಿದ್ದುವ ಯಂತ್ರ ಹೊರತಂದಿತು. ಮುಂದೆ ಕರೆಂಟಿನ ಬದಲು ಬೆಳಕಿನಿಂದ ಗುರುತು ಓದುವ ಯಂತ್ರಗಳು ಬಂದವು. ನಾವು ಇವತ್ತು ಕಪ್ಪು ಮಾಡುವ ಒಎಂಆರ್ ಹಾಳೆ ಆ ವಂಶದ್ದು.

ಈ ಯಂತ್ರಕ್ಕೆ ಯಾರು ಯಾವ ಜಾತಿ, ಯಾವ ಊರು ಗೊತ್ತಿಲ್ಲ. ಅದು ಒಳ್ಳೆಯದೇ. ಆದರೆ ನೀವು ಲೆಕ್ಕವನ್ನು ಮುಕ್ಕಾಲು ಭಾಗ ಸರಿ ಮಾಡಿ ಕೊನೆಗೆ ದಶಮಾಂಶದಲ್ಲಿ ಎಡವಿದಿರಿ ಎನ್ನುವುದೂ ಅದಕ್ಕೆ ಗೊತ್ತಿಲ್ಲ. ಪಿಯು ಬೋರ್ಡ್ ಪರೀಕ್ಷೆಯಲ್ಲಿ ಸೂತ್ರ ಬರೆದರೆ ಅಂಕ, ಚಿತ್ರ ಬರೆದರೆ ಅಂಕ, ಹಂತ ಸರಿಯಿದ್ದರೆ ಅಂಕ. ಸಿಇಟಿಯಲ್ಲಿ ಕೊನೆಯ ಉತ್ತರಕ್ಕೆ ಮಾತ್ರ ಅಂಕ. ಫಿಸಿಕ್ಸ್ ಕಷ್ಟ ಅನ್ನಿಸಲು ಇದು ಮೊದಲ ಕಾರಣ.

ಎರಡನೇ ಕಾರಣ ಸಮಯ. ಸಿಇಟಿಯಲ್ಲಿ ಫಿಸಿಕ್ಸ್‌ಗೆ 60 ಪ್ರಶ್ನೆ, 80 ನಿಮಿಷ. ಒಂದು ಪ್ರಶ್ನೆಗೆ 80 ಸೆಕೆಂಡು. ನೀಟ್‌ನಲ್ಲಿ ಒಟ್ಟು 180 ಪ್ರಶ್ನೆಗೆ 180 ನಿಮಿಷ. ಅದರಲ್ಲಿ ಫಿಸಿಕ್ಸ್‌ನವು 45.

ಒಂದು ಉದಾಹರಣೆ ನೋಡೋಣ. ನಿಮ್ಮ ತೋಟದಲ್ಲಿ 5 ಎಚ್‌ಪಿ ಮೋಟಾರ್ ಇದೆ. 100 ಮೀಟರ್ ಆಳದಿಂದ ನೀರು ಎತ್ತುತ್ತದೆ. ಏನೂ ನಷ್ಟವಿಲ್ಲ ಎಂದುಕೊಂಡರೆ ಸೆಕೆಂಡಿಗೆ ಎಷ್ಟು ಲೀಟರ್ ಬರಬಹುದು? ಒಂದು ಎಚ್‌ಪಿ ಎಂದರೆ 746 ವ್ಯಾಟ್. ಐದಕ್ಕೆ 3,730 ವ್ಯಾಟ್. ಒಂದು ಲೀಟರ್ ನೀರು ಒಂದು ಕೆಜಿ ತೂಗುತ್ತದೆ. ಗುರುತ್ವ ವೇಗೋತ್ಕರ್ಷವನ್ನು 10 ಎಂದಿಟ್ಟುಕೊಂಡರೆ ಅದನ್ನು 100 ಮೀಟರ್ ಎತ್ತಲು 1,000 ಜೂಲ್ ಬೇಕು. ಭಾಗಿಸಿದರೆ ಸೆಕೆಂಡಿಗೆ ಸುಮಾರು 3.7 ಲೀಟರ್. ನಿಜವಾಗಿ ಇದಕ್ಕಿಂತ ಕಡಿಮೆ ಬರುತ್ತದೆ, ಯಾಕೆಂದರೆ ಮೋಟಾರ್, ಪೈಪು ಎರಡರಲ್ಲೂ ಶಕ್ತಿ ನಷ್ಟವಾಗುತ್ತದೆ.

ಇದು ಕಷ್ಟದ ಲೆಕ್ಕವೇ? ಅಲ್ಲ. ಬೋರ್‌ವೆಲ್ ಕೊರೆಸಿದ ಮನೆಯ ಮಗುವಿಗೆ ಇದರ ಅರ್ಥ ಪೇಟೆಯ ಮಗುವಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಆದರೆ ಇದನ್ನು ಒಂದು ನಿಮಿಷದಲ್ಲಿ, ಇಂಗ್ಲಿಷ್‌ನಲ್ಲಿ ಓದಿ, ನಾಲ್ಕು ಉತ್ತರಗಳ ಮಧ್ಯೆ ಸರಿಯಾದದ್ದನ್ನು ಗುರುತು ಮಾಡಬೇಕು. ಆ ವೇಗ ಬರುವುದು ಇಂಥ ನೂರಾರು ಲೆಕ್ಕ ಮಾಡಿದ ಮೇಲೆ. ಮಾಡಿಸುವವರು, ತಿದ್ದುವವರು, ಮತ್ತೆ ಮಾಡಿಸುವವರು ಬೇಕು. ದುಡ್ಡು ಒಳಗೆ ಬಂದದ್ದು ಇಲ್ಲಿಂದ.

ಹಿತ್ತಲ ಬಾಗಿಲು

1980ರ ದಶಕದಲ್ಲಿ ರಾಜಸ್ಥಾನದ ಕೋಟಾದಲ್ಲಿ ಜೆ.ಕೆ. ಸಿಂಥೆಟಿಕ್ಸ್ ಕಂಪನಿಯ ಎಂಜಿನಿಯರ್ ವಿ.ಕೆ. ಬನ್ಸಲ್ ಮನೆಯಲ್ಲೇ ಕೆಲವು ಮಕ್ಕಳಿಗೆ ಪಾಠ ಹೇಳತೊಡಗಿದರು. ಸ್ನಾಯುಗಳ ಕಾಯಿಲೆಯಿಂದ ಅವರು ನಡೆಯಲಾರದಂತೆ ಆಗುತ್ತಿದ್ದ ಕಾಲ ಅದು. ಅವರ ಹತ್ತಿರ ಕಲಿತ ಮಕ್ಕಳು ಐಐಟಿ ಸೇರಿದರು. 1991ರಲ್ಲಿ ಅವರು ಕೋಚಿಂಗ್ ಸಂಸ್ಥೆ ತೆರೆದರು. ಮುಂದೆ ಕೋಟಾ ಊರೇ ಕೋಚಿಂಗ್ ಊರಾಯಿತು.

ಕರ್ನಾಟಕದಲ್ಲಿ ಈ ವ್ಯವಸ್ಥೆ ಬೇರೆ ರೂಪ ಪಡೆಯಿತು. ಕರಾವಳಿಯಲ್ಲಿ, ಬೆಂಗಳೂರಿನಲ್ಲಿ, ಹುಬ್ಬಳ್ಳಿ-ಧಾರವಾಡ, ಕಲಬುರಗಿಯಂಥ ಊರುಗಳಲ್ಲಿ ಪಿಯು ಕಾಲೇಜು ಮತ್ತು ಕೋಚಿಂಗ್ ಒಂದೇ ಕಟ್ಟಡದೊಳಗೆ ಸೇರಿಕೊಂಡವು. ಬೆಳಿಗ್ಗೆ ಬೋರ್ಡ್ ಪಾಠ, ಮಧ್ಯಾಹ್ನ ಸಿಇಟಿ-ನೀಟ್ ಪಾಠ, ವಾರಕ್ಕೊಂದು ಟೆಸ್ಟ್, ರಾತ್ರಿ ಹಾಸ್ಟೆಲ್‌ನಲ್ಲಿ ಸ್ಟಡಿ ಅವರ್. ಎರಡು ವರ್ಷಕ್ಕೆ ಲಕ್ಷಗಳ ಲೆಕ್ಕದಲ್ಲಿ ಶುಲ್ಕ. ರ‍್ಯಾಂಕ್ ಬಂದವರ ಫೋಟೋ ಬಸ್‌ಸ್ಟ್ಯಾಂಡಿನ ಫ್ಲೆಕ್ಸ್‌ನಲ್ಲಿ. ಆ ಫ್ಲೆಕ್ಸ್‌ನಲ್ಲಿ ರ‍್ಯಾಂಕ್ ಬಾರದವರ ಲೆಕ್ಕ ಇರುವುದಿಲ್ಲ.

ಹಿಂದೆ ಸೀಟು ಸಿಕ್ಕ ಮೇಲೆ ದುಡ್ಡು ಕೇಳುತ್ತಿದ್ದರು. ಈಗ ಸೀಟು ಸಿಗುತ್ತದೋ ಇಲ್ಲವೋ ಗೊತ್ತಾಗುವ ಎರಡು ವರ್ಷ ಮೊದಲೇ ಕಟ್ಟಬೇಕು. ಸೀಟು ಸಿಗದಿದ್ದರೆ ಆ ದುಡ್ಡು ವಾಪಸ್ ಬರುವುದಿಲ್ಲ.

ಇದನ್ನು ನಾವು ಮಾತ್ರ ಹೇಳುತ್ತಿಲ್ಲ. 2002ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ಟಿ.ಎಂ.ಎ. ಪೈ ಫೌಂಡೇಷನ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಮಣಿಪಾಲ ಕಟ್ಟಿದವರ ಹೆಸರಿನ ಸಂಸ್ಥೆಯೇ ಹಾಕಿದ್ದ ಅರ್ಜಿ ಅದು. 1993ರ ಫ್ರೀ ಸೀಟು-ಪೇಮೆಂಟ್ ಸೀಟು ಯೋಜನೆಯನ್ನು ಈ ಪೀಠ ತೆಗೆದುಹಾಕಿತು. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು ನಮಗೆ ಮುಖ್ಯ. ಸ್ಪರ್ಧಾ ಪರೀಕ್ಷೆಯಲ್ಲಿ ಪೇಟೆ ಮಕ್ಕಳಿಗೆ ಯಾವಾಗಲೂ ಅನುಕೂಲ ಜಾಸ್ತಿ. ಹಾಗಾಗಿ ಫ್ರೀ ಸೀಟು ಅನುಕೂಲಸ್ಥರ ಪಾಲಾಯಿತು. ಸ್ವಲ್ಪ ಕಡಿಮೆ ಅಂಕ ಬಂದ ಹಳ್ಳಿಯ ಅಥವಾ ಬಡ ಮಗು ಪೇಮೆಂಟ್ ಸೀಟು ತಗೊಂಡು ಆ ಅನುಕೂಲಸ್ಥರ ಓದಿನ ಖರ್ಚನ್ನೂ ಹೊತ್ತಿತು. ಇದು ಆ ತೀರ್ಪಿನಲ್ಲೇ ಇರುವ ಮಾತಿನ ಸಾರ.

ಬಡವರಿಗಾಗಿ ಮಾಡಿದ ಯೋಜನೆ ತಲೆಕೆಳಗಾಯಿತು ಎಂದು ದೇಶದ ದೊಡ್ಡ ಕೋರ್ಟೇ ಗುರುತಿಸಿತು. ಆದರೆ ಅದಕ್ಕೆ ಸಿಕ್ಕ ಪರಿಹಾರ ಖಾಸಗಿ ಕಾಲೇಜುಗಳಿಗೆ ಹೆಚ್ಚು ಸ್ವಾತಂತ್ರ್ಯ. ಹಳ್ಳಿ ಮಗುವಿಗೆ ಅದರಿಂದ ಫಿಸಿಕ್ಸ್ ಮೇಷ್ಟ್ರು ಸಿಗಲಿಲ್ಲ.

ಒಂದೇ ಫಿಸಿಕ್ಸ್, ನಾಲ್ಕು ಪರೀಕ್ಷೆ

ಆಮೇಲೆ ಪರೀಕ್ಷೆಗಳು ಹೆಚ್ಚಿದವು. ಖಾಸಗಿ ಕಾಲೇಜುಗಳ ಒಕ್ಕೂಟ ಕಾಮೆಡ್-ಕೆ ತನ್ನದೇ ಪರೀಕ್ಷೆ ಶುರುಮಾಡಿತು. ಕೇಂದ್ರದ ಎಂಜಿನಿಯರಿಂಗ್ ಕಾಲೇಜುಗಳಿಗೆ ಜೆಇಇ. ಮೆಡಿಕಲ್‌ಗೆ 2013ರ ಮೇ 5ರಂದು ಮೊದಲ ಬಾರಿ ನೀಟ್ ನಡೆಯಿತು. ಅದೇ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. 2016ರ ಏಪ್ರಿಲ್‌ನಲ್ಲಿ ಆ ತೀರ್ಪನ್ನು ವಾಪಸ್ ತಗೊಂಡಿತು. ಮುಂದೆ ಮೆಡಿಕಲ್ ಸೀಟಿಗೆ ಸಿಇಟಿ ಸಾಲದಾಯಿತು, ನೀಟ್ ಬೇಕೇ ಬೇಕಾಯಿತು.

ಓದುವ ಫಿಸಿಕ್ಸ್ ಹೆಚ್ಚುಕಡಿಮೆ ಒಂದೇ, ಆದರೆ ಆಟದ ನಿಯಮ ಬೇರೆ ಬೇರೆ. ಸಿಇಟಿಯಲ್ಲಿ ಪ್ರತಿ ಪ್ರಶ್ನೆಗೆ ಒಂದು ಅಂಕ, ತಪ್ಪಾದರೆ ಕಳೆಯುವುದಿಲ್ಲ. ಕಾಮೆಡ್-ಕೆಯಲ್ಲೂ ಹಾಗೇ. ನೀಟ್‌ನಲ್ಲಿ ಸರಿಯಾದರೆ 4, ತಪ್ಪಾದರೆ ಒಂದು ಅಂಕ ಕಟ್. ಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕ್‌ಗೆ ಪಿಯು ಬೋರ್ಡ್‌ನ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತದ ಅಂಕವೂ ಅರ್ಧ ಸೇರುತ್ತದೆ. ನೀಟ್ ರ‍್ಯಾಂಕ್‌ಗೆ ಬೋರ್ಡ್ ಅಂಕ ಸೇರುವುದಿಲ್ಲ. ಇಷ್ಟನ್ನೂ ಸರಿಯಾಗಿ ಹೇಳುವವರು ಮನೆಯಲ್ಲಿ ಇಲ್ಲದಿದ್ದರೆ ಮಗು ಮೊದಲ ಟೆಸ್ಟ್‌ಗೆ ಮುಂಚೆಯೇ ಹಿಂದೆ ಬೀಳುತ್ತದೆ.

ಮಾತಿನ ಗೋಡೆ

ಕನ್ನಡ ಮಾಧ್ಯಮದ ಮಗು ಹತ್ತನೇ ಕ್ಲಾಸಿನವರೆಗೆ ರೋಧ, ವಿಭವಾಂತರ, ವಕ್ರೀಭವನ, ಮಸೂರ ಎಂದು ಕಲಿಯುತ್ತದೆ. ಪಿಯುಗೆ ಹೋದ ಮೊದಲ ವಾರ ಅದೇ ವಸ್ತುಗಳು ರೆಸಿಸ್ಟೆನ್ಸ್, ಪೊಟೆನ್ಷಿಯಲ್ ಡಿಫರೆನ್ಸ್, ರಿಫ್ರ್ಯಾಕ್ಷನ್, ಲೆನ್ಸ್ ಆಗಿಬಿಡುತ್ತವೆ. ಗೊತ್ತಿದ್ದ ವಿಷಯವೂ ಹೊಸದಾಗಿ ಕಾಣುತ್ತದೆ. ಇದನ್ನು ಮಗುವಿನ ದಡ್ಡತನ ಎಂದುಕೊಳ್ಳುವವರೂ ಇದ್ದಾರೆ. ನಿಜವಾಗಿ ಅದು ಭಾಷೆಯ ತೊಡಕು.

ಕನ್ನಡದಲ್ಲಿ ಫಿಸಿಕ್ಸ್ ಹೇಳಲು ಆಗುವುದಿಲ್ಲ ಎನ್ನುವವರಿಗೆ ಒಂದು ಹೆಸರು ನೆನಪಿಸಬೇಕು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪ. ಅವರು ನಂಗಪುರಂ ವೆಂಕಟೇಶ ಅಯ್ಯಂಗಾರ್ ಜೊತೆ ಸೇರಿ 1918ರಲ್ಲೇ ‘ವಿಜ್ಞಾನ’ ಎಂಬ ಕನ್ನಡ ಪತ್ರಿಕೆ ಶುರುಮಾಡಿದ್ದರು. ಅಂದರೆ ಸಿಇಟಿ ಬರುವುದಕ್ಕೆ ಮುಕ್ಕಾಲು ಶತಮಾನ ಮೊದಲೇ ಒಬ್ಬ ಫಿಸಿಕ್ಸ್ ಮೇಷ್ಟ್ರು ಈ ಗೋಡೆ ಒಡೆಯಲು ಹೊರಟಿದ್ದರು.

2017ರಿಂದ ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ಜೆಇಇ ಮೇನ್ 2021ರಿಂದ ಕನ್ನಡದಲ್ಲಿದೆ. ಆದರೆ ಕನ್ನಡ ಆರಿಸಿಕೊಳ್ಳುವವರು ಬಹಳ ಕಡಿಮೆ. ಎರಡು ವರ್ಷ ಇಂಗ್ಲಿಷ್‌ನಲ್ಲಿ ಓದಿ ಕೊನೆಯ ದಿನ ಕನ್ನಡದಲ್ಲಿ ಬರೆ ಎಂದರೆ ಯಾರಿಗೆ ಧೈರ್ಯ ಬರುತ್ತದೆ? ಅನುವಾದದಲ್ಲಿ ಗೊಂದಲವಿದ್ದರೆ ಇಂಗ್ಲಿಷ್ ಪ್ರಶ್ನೆಯೇ ಅಂತಿಮ ಎಂಬ ನಿಯಮವೂ ಇದೆ. ಪರೀಕ್ಷೆಗೆ ಕನ್ನಡ ಬಂತು, ಪರೀಕ್ಷೆಯ ತಯಾರಿಗೆ ಬರಲಿಲ್ಲ.

ಅಕ್ಕನ ಹಳೇ ಪುಸ್ತಕ ಮತ್ತು ಐದು ಅಂಕ

ಹಳ್ಳಿ ಮನೆಗಳಲ್ಲಿ ಪುಸ್ತಕ ಕೈಯಿಂದ ಕೈಗೆ ಹೋಗುತ್ತದೆ. ಅಕ್ಕ ಓದಿದ್ದನ್ನು ತಮ್ಮ ಓದುತ್ತಾನೆ. ಅದರಿಂದ ಏನಾಗಬಹುದು ಎನ್ನುವುದನ್ನು 2024 ತೋರಿಸಿತು.

ಆ ವರ್ಷದ ಮೇ 5ರ ನೀಟ್ ಫಿಸಿಕ್ಸ್‌ನಲ್ಲಿ ಪರಮಾಣುವಿನ ಬಗ್ಗೆ ಎರಡು ಹೇಳಿಕೆ ಕೊಟ್ಟಿದ್ದರು. ಎರಡನೆಯದು, ಪ್ರತಿಯೊಂದು ಧಾತುವಿನ ಪರಮಾಣುಗಳೂ ಸ್ಥಿರವಾಗಿವೆ ಎಂಬರ್ಥದ್ದು. ಹಳೆಯ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಹಾಗೇ ಇತ್ತು. ಹೊಸ ಪುಸ್ತಕದಲ್ಲಿ ಅದನ್ನು ‘ಹೆಚ್ಚಿನ ಧಾತುಗಳ’ ಎಂದು ತಿದ್ದಿದ್ದರು. ರೇಡಿಯಂ, ಯುರೇನಿಯಂ ಪರಮಾಣುಗಳು ತಾವಾಗಿಯೇ ಒಡೆಯುವುದರಿಂದ ಹೊಸದೇ ಸರಿ.

ಪರೀಕ್ಷೆ ನಡೆಸಿದ ಎನ್‌ಟಿಎ ಹಳೆ ಪುಸ್ತಕದವರಿಗೂ ಅನ್ಯಾಯವಾಗಬಾರದೆಂದು ಎರಡು ಉತ್ತರಕ್ಕೂ ಅಂಕ ಕೊಟ್ಟಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ದೆಹಲಿ ಐಐಟಿಯ ಮೂವರು ತಜ್ಞರು ಒಂದೇ ಉತ್ತರ ಸರಿ ಎಂದರು. ಇನ್ನೊಂದನ್ನು ಗುರುತಿಸಿದ್ದ ಸುಮಾರು 4.2 ಲಕ್ಷ ಮಕ್ಕಳಿಗೆ ಸಿಕ್ಕಿದ್ದ 4 ಅಂಕ ಹೋಯಿತು, ತಪ್ಪು ಉತ್ತರಕ್ಕೆ ಇನ್ನೊಂದು ಅಂಕ ಕಳೆಯಿತು. ಒಟ್ಟು 5 ಅಂಕ. 720ಕ್ಕೆ 720 ಪಡೆದವರಲ್ಲೇ 44 ಜನ ಆ ಪಟ್ಟಿಯಿಂದ ಕೆಳಗಿಳಿದರು. ಲಕ್ಷಾಂತರ ಮಕ್ಕಳು ಒತ್ತೊತ್ತಾಗಿ ನಿಂತ ಪಟ್ಟಿಯಲ್ಲಿ 5 ಅಂಕ ಎಂದರೆ ಸಾವಿರಾರು ರ‍್ಯಾಂಕ್.

ವಿಜ್ಞಾನದ ದೃಷ್ಟಿಯಿಂದ ತಜ್ಞರು ಹೇಳಿದ್ದು ಸರಿ. ಆದರೆ ತಪ್ಪಿದ್ದದ್ದು ಪುಸ್ತಕದಲ್ಲಿ, ದಂಡ ಕಟ್ಟಿದ್ದು ಅದನ್ನು ನಂಬಿ ಓದಿದ ಮಗು.

ಅದೇ ವರ್ಷ ಏಪ್ರಿಲ್‌ನಲ್ಲಿ ನಮ್ಮ ಸಿಇಟಿಯಲ್ಲೂ ಗಲಾಟೆಯಾಯಿತು. ಪಠ್ಯದಿಂದ ತೆಗೆದುಹಾಕಿದ್ದ ಪಾಠಗಳಿಂದ ಪ್ರಶ್ನೆ ಬಂದಿದ್ದವು. ಮಕ್ಕಳು, ಪೋಷಕರು, ಉಪನ್ಯಾಸಕರು ದನಿ ಎತ್ತಿದರು. ಕೊನೆಗೆ ನಾಲ್ಕು ವಿಷಯಗಳಿಂದ ಒಟ್ಟು 50 ಪ್ರಶ್ನೆಗಳನ್ನು ಕೈಬಿಟ್ಟು ಮೌಲ್ಯಮಾಪನ ಮಾಡಬೇಕಾಯಿತು. ಪಠ್ಯದಲ್ಲಿ ಇಲ್ಲದ್ದನ್ನು ನೋಡಿ ಗಾಬರಿಯಾಗಿ ಕಳೆದ ನಿಮಿಷಗಳನ್ನು ಮಾತ್ರ ಯಾರೂ ವಾಪಸ್ ಕೊಡಲಾರರು.

ಪಕ್ಕದ ರಾಜ್ಯ ಏನು ಮಾಡಿತು

ತಮಿಳುನಾಡು 2006ರಲ್ಲಿ ಕಾಯ್ದೆ ಮಾಡಿ ರಾಜ್ಯದ ಪ್ರವೇಶ ಪರೀಕ್ಷೆಯನ್ನೇ ತೆಗೆದುಹಾಕಿತು. ಎಂಜಿನಿಯರಿಂಗ್‌ಗೆ ಅಲ್ಲಿ ಇವತ್ತಿಗೂ ಹನ್ನೆರಡನೇ ತರಗತಿಯ ಅಂಕವೇ ಆಧಾರ. ಪ್ರವೇಶ ಪರೀಕ್ಷೆಯಿಂದ ಹಳ್ಳಿ ಮಕ್ಕಳಿಗೆ ತೊಂದರೆ ಎನ್ನುವುದು ಅವರ ವಾದ. ನೀಟ್ ಬಂದ ಮೇಲೆ 2020ರಲ್ಲಿ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ಮೆಡಿಕಲ್ ಸೀಟಿನಲ್ಲಿ ಶೇ. 7.5 ಒಳಮೀಸಲಾತಿ ಕೊಟ್ಟಿತು.

ಕರ್ನಾಟಕ ಪರೀಕ್ಷೆಯನ್ನು ಉಳಿಸಿಕೊಂಡು ಬೇರೆ ದಾರಿ ಹಿಡಿಯಿತು. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಕೋಟಾ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಯವರಿಗೆ 371(ಜೆ) ಮೀಸಲಾತಿ ಬೇರೆ ಇದೆ. 2024ರ ಜುಲೈನಲ್ಲಿ ನಮ್ಮ ವಿಧಾನಮಂಡಲ ನೀಟ್ ಬೇಡ ಎಂದು ನಿರ್ಣಯವನ್ನೂ ಮಾಡಿತು. ನಿರ್ಣಯದಿಂದ ಪರೀಕ್ಷೆ ನಿಲ್ಲಲಿಲ್ಲ. ಮರುವರ್ಷದ ನೀಟ್‌ನಲ್ಲಿ ಫಿಸಿಕ್ಸ್ ಎಷ್ಟು ಕಠಿಣವಾಗಿತ್ತೆಂದರೆ ಮಕ್ಕಳು ಅಳುತ್ತಾ ಹೊರಬಂದರು. ಆ ಸಲ ಇಡೀ ದೇಶದಲ್ಲಿ ಮೊದಲ ಸ್ಥಾನ ಪಡೆದವರಿಗೇ 720ಕ್ಕೆ 686 ಬಂತು.

ಪರೀಕ್ಷೆ ಇರಬೇಕೋ ಬೇಡವೋ ಎನ್ನುವ ಚರ್ಚೆ ನಡೆಯಲಿ. ನಮ್ಮ ನಿಲುವು ಇಷ್ಟು: ಪರೀಕ್ಷೆ ಇಡುವ ಸರ್ಕಾರ ಅದರ ತಯಾರಿಯನ್ನೂ ಕೊಡಬೇಕು. ಪ್ರತಿ ಸರ್ಕಾರಿ ಪಿಯು ಕಾಲೇಜಿನಲ್ಲಿ ಕಾಯಂ ಫಿಸಿಕ್ಸ್ ಉಪನ್ಯಾಸಕರು, ಮೊದಲ ಮೂರು ತಿಂಗಳು ಕನ್ನಡ-ಇಂಗ್ಲಿಷ್ ಎರಡರಲ್ಲೂ ಪಾಠ, ವಾರಕ್ಕೊಂದು ಒಎಂಆರ್ ಟೆಸ್ಟ್. ಇದು ದೊಡ್ಡ ಬೇಡಿಕೆಯಲ್ಲ. ಇದಿಲ್ಲದಿದ್ದರೆ 1984ರಲ್ಲಿ ನಿಷೇಧಿಸಿದ ಡೊನೇಷನ್ ಹೆಸರು ಬದಲಿಸಿಕೊಂಡು ಮುಂದುವರಿದಿದೆ ಎಂದೇ ಅರ್ಥ.

ಈ ವರ್ಷ ಬರೆಯುವವರಿಗೆ

ಬೇಡಿಕೆ ಈಡೇರುವವರೆಗೆ ಮಕ್ಕಳು ಕಾಯಲಾಗುವುದಿಲ್ಲ. ದುಡ್ಡಿಲ್ಲದೆ ಸಿಗುವುದು ಏನೇನಿದೆ ಎಂದು ಪಟ್ಟಿ ಮಾಡಿದ್ದೇವೆ.

ಪುಸ್ತಕ: ಎನ್‌ಸಿಇಆರ್‌ಟಿ ಫಿಸಿಕ್ಸ್ ಪುಸ್ತಕಗಳು ಅವರ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತವೆ. ಅಕ್ಕನ ಹಳೇ ಪುಸ್ತಕ ಓದಿ, ಆದರೆ ಹೊಸದರ ಜೊತೆ ಒಮ್ಮೆ ಹೋಲಿಸಿ. ಯಾವ ಪಾಠ ತೆಗೆದಿದ್ದಾರೆ, ಯಾವ ಸಾಲು ತಿದ್ದಿದ್ದಾರೆ ಎಂದು ಪೆನ್ಸಿಲಿನಲ್ಲಿ ಗುರುತು ಮಾಡಿಕೊಳ್ಳಿ.

ಹಳೇ ಪ್ರಶ್ನೆಪತ್ರಿಕೆ: ಸಿಇಟಿಯವು ಕೆಇಎ ವೆಬ್‌ಸೈಟಿನಲ್ಲಿವೆ. ಗಡಿಯಾರ ಇಟ್ಟುಕೊಂಡು 80 ನಿಮಿಷದಲ್ಲಿ 60 ಪ್ರಶ್ನೆ ಮಾಡಿ. ಮಾಡಿದ್ದಕ್ಕಿಂತ ಮುಖ್ಯ, ತಪ್ಪಾದದ್ದು ಯಾಕೆ ತಪ್ಪಾಯಿತೆಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ಸೂತ್ರ ಗೊತ್ತಿರಲಿಲ್ಲವೋ, ಲೆಕ್ಕ ತಪ್ಪಿತೋ, ಪ್ರಶ್ನೆಯ ಇಂಗ್ಲಿಷ್ ಅರ್ಥವಾಗಲಿಲ್ಲವೋ? ಮೂರಕ್ಕೂ ಔಷಧ ಬೇರೆ ಬೇರೆ.

ಪದಗಳ ಪಟ್ಟಿ: ಪ್ರಥಮ ಪಿಯು ಸೇರುವ ಮೊದಲೇ ಹತ್ತನೇ ಕ್ಲಾಸಿನ ಕನ್ನಡ ಪುಸ್ತಕ ಮತ್ತು ಇಂಗ್ಲಿಷ್ ಪುಸ್ತಕ ಪಕ್ಕಪಕ್ಕ ಇಟ್ಟು ಪದಗಳ ಜೋಡಿ ಬರೆದುಕೊಳ್ಳಿ. ಜವ ಎಂದರೆ ಸ್ಪೀಡ್, ವೇಗ ಎಂದರೆ ವೆಲಾಸಿಟಿ, ಸಂವೇಗ ಎಂದರೆ ಮೊಮೆಂಟಮ್. ರಜೆಯ ಒಂದು ತಿಂಗಳು ಇದಕ್ಕೆ ಸಾಕು.

ಉಚಿತ ಪಾಠ: ಕೇಂದ್ರ ಶಿಕ್ಷಣ ಸಚಿವಾಲಯ ಮತ್ತು ಕಾನ್ಪುರ ಐಐಟಿ ಸೇರಿ ನಡೆಸುವ ‘ಸಾಥಿ’ ಎಂಬ ವೇದಿಕೆ ಇದೆ. ಜೆಇಇ, ನೀಟ್ ತಯಾರಿಗೆ ದುಡ್ಡು ಕೊಡಬೇಕಿಲ್ಲ.

ಲ್ಯಾಬ್: 2024ರಿಂದ ನೀಟ್ ಫಿಸಿಕ್ಸ್ ಪಠ್ಯದಲ್ಲಿ ಪ್ರಯೋಗಗಳ ಘಟಕ ಸೇರಿದೆ. ನಿಮ್ಮ ಕಾಲೇಜಿನ ಬೀರುವಿನಲ್ಲಿರುವ ವರ್ನಿಯರ್ ಕ್ಯಾಲಿಪರ್ಸ್, ಸ್ಕ್ರೂಗೇಜ್ ಹೊರಗೆ ತೆಗೆಸಿ. ಮೇಷ್ಟ್ರನ್ನು ಕೇಳಲು ಹಿಂಜರಿಯಬೇಡಿ.

ಉತ್ತರ ಗುರುತಿಸುವುದು: ಸಿಇಟಿಯಲ್ಲಿ ಒಂದನ್ನೂ ಖಾಲಿ ಬಿಡಬೇಡಿ, ತಪ್ಪಿಗೆ ಕಟ್ ಇಲ್ಲ. ನೀಟ್‌ನಲ್ಲಿ ನಾಲ್ಕರಲ್ಲಿ ಎರಡನ್ನಾದರೂ ಖಚಿತವಾಗಿ ಹೊಡೆದುಹಾಕಲು ಆದರೆ ಮಾತ್ರ ಧೈರ್ಯ ಮಾಡಿ.

ಪ್ರಮಾಣಪತ್ರ: ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಕೋಟಾಕ್ಕೆ ನಿಮ್ಮ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ಬೇಕು, ಬಿಇಒ ಮೇಲುಸಹಿ ಬೇಕು. ಕೊನೆಯ ವಾರದವರೆಗೆ ಕಾಯಬೇಡಿ. ಆ ವರ್ಷದ ಕೆಇಎ ಕೈಪಿಡಿ ಓದಿ, ಅರ್ಜಿಯಲ್ಲಿ ಆ ಕಾಲಂ ಸರಿಯಾಗಿ ತುಂಬಿ. ಫಿಸಿಕ್ಸ್‌ನಲ್ಲಿ ಕಷ್ಟಪಟ್ಟು ಗಳಿಸಿದ ರ‍್ಯಾಂಕ್‌ನ ಪ್ರಯೋಜನ ಒಂದು ಸಹಿ ಇಲ್ಲದ್ದಕ್ಕೆ ಕೈತಪ್ಪಬಾರದು.

ಇನ್ನೊಂದು ಮಾತು ಪೋಷಕರಿಗೆ. ಜಮೀನು ಅಡವಿಟ್ಟು ಕೋಚಿಂಗ್‌ಗೆ ಸೇರಿಸುವ ಮೊದಲು ಆ ಸಂಸ್ಥೆಯವರನ್ನು ಎರಡು ಪ್ರಶ್ನೆ ಕೇಳಿ. ಹೋದ ವರ್ಷ ಒಟ್ಟು ಎಷ್ಟು ಮಕ್ಕಳಿದ್ದರು? ಅವರಲ್ಲಿ ಎಷ್ಟು ಮಂದಿಗೆ ಸರ್ಕಾರಿ ಶುಲ್ಕದ ಸೀಟು ಸಿಕ್ಕಿತು? ಫ್ಲೆಕ್ಸ್‌ನಲ್ಲಿ ಇರದ ಈ ಎರಡು ಸಂಖ್ಯೆ ಹೇಳಿದರೆ ಮುಂದಿನ ಮಾತು ಆಡಿ. ಹೇಳದಿದ್ದರೆ ಎದ್ದು ಬನ್ನಿ.